ಸೆರಗಿನ ಕೆಂಪು, ಕಾಗದದ ಕೆಂಪು

ವ್ಯಾಪಾರಿಗಳೂ ಮುದ್ರಣಾಲಯದವರೂ ಬ್ರೋಷರ್ ಎಂದೇ ಕರೆಯುವ ಪರಿಚಯಪತ್ರವು ಕಂಪ್ಯೂಟರಿನ ಪರದೆಯ ಮೇಲೆ ರೂಪುಗೊಂಡರೂ ಓದುಗರ ಕೈ ಸೇರುವುದು ಕಾಗದವಾಗಿಯೇ ಆದುದರಿಂದ, ಅದರಲ್ಲಿ ಕಾಣುವ ಬಹುಪಾಲು ದೋಷಗಳು ಪರದೆಯನ್ನು ಅತಿಯಾಗಿ ನಂಬಿದುದರ ಫಲವಾಗಿರುತ್ತವೆ. ಇಳಕಲ್ ಸೀರೆ ಮಾರುವ ಸಣ್ಣ ನೇಕಾರ ಬಳಗವೊಂದಕ್ಕೆ ಒಂದೇ ಬ್ರೋಷರನ್ನು ಎರಡು ಬಾರಿ ಅಚ್ಚು ಹಾಕಿಸಬೇಕಾಗಿ ಬಂದ ಅನುಭವವೇ ಈ ಮಾತಿಗೆ ಆಧಾರ.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಯುವ ಈ ಸೀರೆಯ ಗುರುತೇ ಅದರ ಕೆಂಪು ರೇಷ್ಮೆಯ ಸೆರಗು; ಟೋಪೆ ತೆನಿ ಎನಿಸಿಕೊಳ್ಳುವ ಈ ಸೆರಗಿನ ಹಾಸುನೂಲನ್ನು ಒಡಲಿನ ಹಾಸುನೂಲಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಈ ಕೆಂಪನ್ನು ಕಾಗದಕ್ಕೆ ಇಳಿಸುವುದು ಸುಲಭವಲ್ಲ: ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ಬಣ್ಣ ತೋರಿಸಿದರೆ, ಆಫ್‌ಸೆಟ್ ಯಂತ್ರವು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಸಣ್ಣ ಚುಕ್ಕೆಗಳನ್ನು ಒತ್ತಿ, ಕಾಗದದಿಂದ ಮರಳಿ ಬರುವ ಬೆಳಕನ್ನು ನೆಚ್ಚಿಕೊಳ್ಳುತ್ತದೆ. ಹೀಗಾಗಿ ಪರದೆಯಲ್ಲಿ ಹೊಳೆಯುವ ಎಷ್ಟೋ ಬಣ್ಣಗಳು ಶಾಯಿಯ ಅಳವಿಗೆ ಸಿಗುವುದೇ ಇಲ್ಲ. ಮೊದಲ ಮುದ್ರಣದಲ್ಲಿ ಛಾಯಾಚಿತ್ರಗಳನ್ನು ನಾಲ್ಕು ಬಣ್ಣದ ಕ್ರಮಕ್ಕೆ ಪರಿವರ್ತಿಸದೆ ಕಳುಹಿಸಲಾಗಿತ್ತು, ಪರಿವರ್ತನೆಯು ಮುದ್ರಣಾಲಯದ ತಂತ್ರಾಂಶದಲ್ಲಿ ತಾನೇ ನಡೆದುಹೋಯಿತು, ಸೆರಗಿನ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯಿತು. ಬಳಗದ ಹಿರಿಯರೊಬ್ಬರು ಅಚ್ಚಾದ ಹಾಳೆಯನ್ನು ಸೆರಗಿನ ಮಗ್ಗುಲಿಗಿಟ್ಟು ಬಹಳ ಹೊತ್ತು ನೋಡಿದರೇ ಹೊರತು ಏನನ್ನೂ ಹೇಳಲಿಲ್ಲ. ನೇಕಾರರ ಪಾಲಿಗೆ ಅದು ಸಣ್ಣ ತಪ್ಪಾಗಿರಲಿಲ್ಲ; ಹಾಳೆಯಲ್ಲಿ ಒಂದು ಬಣ್ಣ, ಕೈಗೆ ಬಂದ ಸೀರೆಯಲ್ಲಿ ಇನ್ನೊಂದು ಬಣ್ಣ ಕಂಡ ಕೊಳ್ಳುಗರ ಸಂಶಯವು ಮುದ್ರಣಾಲಯದ ಮೇಲಲ್ಲ, ನೇಕಾರರ ಮೇಲೆಯೇ ಬೀಳುತ್ತದೆ.

ಬಟ್ಟೆಯ ಚಿತ್ರವನ್ನು ಮುದ್ರಿಸುವವರಿಗೆ ಇನ್ನೊಂದು ತೊಡಕೂ ಕಾದಿರುತ್ತದೆ. ಸೀರೆಯ ಒಡಲಿನ ಸಣ್ಣ ಚೌಕಳಿಯೂ ಒಂದು ಕ್ರಮಬದ್ಧ ಜಾಲ, ಮುದ್ರಣದ ಚುಕ್ಕೆಗಳದೂ ಅಂಥದೇ ಜಾಲ. ಒಂದರ ಮೇಲೊಂದು ಬಂದಾಗ ಬಟ್ಟೆಯಲ್ಲಿ ಇಲ್ಲದ ಅಲೆಯಂಥ ಪಟ್ಟೆಗಳು ಚಿತ್ರದಲ್ಲಿ ಮೂಡಬಹುದು, ಇದಕ್ಕೆ ಮೊಯಿರೆ ಎಂದು ಹೆಸರು. ಇಡೀ ಸೀರೆಯನ್ನು ಅಂಗೈಯಗಲದ ಚಿತ್ರದಲ್ಲಿ ಹಿಡಿಸುವುದಕ್ಕಿಂತ, ಚೌಕಳಿ ದೊಡ್ಡದಾಗಿ ಕಾಣುವಂತೆ ಸೆರಗು, ಅಂಚುಗಳನ್ನು ಹತ್ತಿರದಿಂದ ತೋರಿಸಿದರೆ ಈ ತೊಂದರೆ ಎಷ್ಟೋ ತಗ್ಗುತ್ತದೆ, ನೇಯ್ಗೆಯ ಚೆಲುವೂ ಎದ್ದು ಕಾಣುತ್ತದೆ. ಇಂಚಿಗೆ 300 ಪಿಕ್ಸೆಲ್ ಎಂಬ ರೂಢಿಯ ಲೆಕ್ಕದಲ್ಲಿ 97 ಮಿ.ಮೀ. ಅಗಲದ ಚಿತ್ರಕ್ಕೆ ಸುಮಾರು 1,150 ಪಿಕ್ಸೆಲ್ ಅಗಲ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದ ಚಿತ್ರ ಕುಗ್ಗಿ ತನ್ನ ಸೂಕ್ಷ್ಮಗಳನ್ನು ಕಳೆದುಕೊಳ್ಳುವುದರಿಂದ, ಅದನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳುವುದು ಒಳ್ಳೆಯದು.

ಅಕ್ಷರಗಳ ವಿಷಯದಲ್ಲಿ ಕನ್ನಡದ ಬ್ರೋಷರ್ ಬೇಡುವ ಎಚ್ಚರವೇ ಬೇರೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕುಳಿತಿರುತ್ತವೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿವೆ. ಮೊದಲನೆಯದರಲ್ಲಿ ಬರೆದ ಕಡತವನ್ನು ಆ ಅಕ್ಷರವಿಲ್ಲದ ಗಣಕದಲ್ಲಿ ತೆರೆದರೆ ಬರೀ ಇಂಗ್ಲಿಷ್ ಗೋಜಲು ಕಾಣಿಸುತ್ತದೆ, ಎರಡನೆಯದನ್ನು ಭಾರತೀಯ ಲಿಪಿಗಳನ್ನು ಜೋಡಿಸಲು ಅರಿಯದ ತಂತ್ರಾಂಶಕ್ಕೆ ಹಾಕಿದರೆ ಒತ್ತಕ್ಷರಗಳು ಕಳಚಿ ಪಕ್ಕದಲ್ಲಿ ನಿಲ್ಲುತ್ತವೆ. ಆದ್ದರಿಂದ ಡಿಟಿಪಿಯವರು ಕೊನೆಯಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡುತ್ತಾರೆ, ಅಂದರೆ ಪಠ್ಯವನ್ನು ಬರಿಯ ರೇಖಾಕೃತಿಗಳಾಗಿ ಬದಲಿಸುತ್ತಾರೆ. ಆಮೇಲೆ ತಿದ್ದುವುದು ಕಷ್ಟವಾದುದರಿಂದ ಕರಡು ತಿದ್ದುವ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು. ಒತ್ತುಗಳು ಸಾಲಿನ ಕೆಳಕ್ಕೆ ಇಳಿಯುವ ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಗಾಢ ಬಣ್ಣದ ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರಗಳನ್ನಿಟ್ಟರೆ ಶಾಯಿ ಹರಡಿ ಒತ್ತುಗಳು ತುಂಬಿಕೊಳ್ಳುತ್ತವೆ. ಮೊದಲ ಮುದ್ರಣದಲ್ಲಿ ಬಳಗದ ವಿಳಾಸವೇ ಹೀಗೆ ಓದಲಾಗದಂತಾಗಿತ್ತು. ಓದುವ ಪಠ್ಯವನ್ನು ನಾಲ್ಕು ಶಾಯಿಗಳ ಬೆರಕೆಯಿಂದಲ್ಲದೆ ಕಪ್ಪು ಶಾಯಿಯೊಂದರಿಂದಲೇ ಮುದ್ರಿಸಿದರೆ, ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚು ಕೆಡುವುದಿಲ್ಲ.

ಎ4 ಹಾಳೆಯನ್ನು ಮೂರು ಮಡಿಕೆಯಾಗಿಸುವಾಗ 297 ಮಿ.ಮೀ. ಅಗಲವನ್ನು ಸಮನಾಗಿ ಹಂಚದೆ, ಒಳಕ್ಕೆ ಮಡಚುವ ಭಾಗವನ್ನು 97ಕ್ಕೆ ಇಳಿಸಿ ಉಳಿದೆರಡನ್ನು 100ರಂತೆ ಇಟ್ಟರೆ ಮಡಿಕೆ ಉಬ್ಬದೆ ಕೂರುತ್ತದೆ. ಅಂಚಿನವರೆಗೆ ಹರಿಯುವ ಬಣ್ಣವನ್ನು ಸುತ್ತಲೂ 3 ಮಿ.ಮೀ. ಹೊರಚಾಚಬೇಕು, ಬ್ಲೀಡ್ ಎನ್ನುವ ಈ ಹೆಚ್ಚುವರಿ ಭಾಗವಿಲ್ಲದಿದ್ದರೆ ಕಟಿಂಗ್ ತುಸು ಸರಿದಾಗ ಬಿಳಿ ಗೆರೆ ಉಳಿಯುತ್ತದೆ. ದಪ್ಪ ಆರ್ಟ್ ಪೇಪರಿಗೆ ಮಡಚುವ ಮೊದಲು ಗೀರು ಒತ್ತಿಸದಿದ್ದರೆ ಮಡಿಕೆಯಲ್ಲಿ ಶಾಯಿ ಬಿರಿಯುತ್ತದೆ.

ಎರಡನೆಯ ಮುದ್ರಣದ ದಿನ ಸೀರೆಯನ್ನೇ ಮುದ್ರಣಾಲಯಕ್ಕೆ ಒಯ್ಯಲಾಯಿತು. ಯಂತ್ರದಿಂದ ಹೊರಬಂದ ಮೊದಲ ಹಾಳೆಗಳನ್ನು ಟ್ಯೂಬ್‌ಲೈಟಿನ ಕೆಳಗಿಂದ ಬಾಗಿಲ ಹೊರಗಿನ ಹಗಲ ಬೆಳಕಿಗೆ ತಂದು ಸೆರಗಿನ ಮೇಲೆ ಹಾಸಿ ನೋಡಲಾಯಿತು. ಯಂತ್ರ ನಡೆಸುವವರು ಸಯಾನನ್ನು ತುಸು ತಗ್ಗಿಸಿ ಮಜೆಂಟಾವನ್ನು ಏರಿಸಿದರು, ಮತ್ತೊಂದು ಹಾಳೆ ತೆಗೆದರು, ಪುನಃ ಬಾಗಿಲಿಗೆ ಬಂದರು. ರೇಷ್ಮೆಯ ಹೊಳಪು ಕಾಗದಕ್ಕೆ ಬರಲಿಲ್ಲವಾದರೂ ಕೆಂಪು ಮಾತ್ರ ಕೆಂಪಾಗಿಯೇ ಬಂತು, ಬಳಗದ ಹಿರಿಯರು ಆ ಹಾಳೆಯ ಮೇಲೆ ಒಪ್ಪಿಗೆಯ ಸಹಿ ಹಾಕಿದರು.