ಕಲ್ಪನೆಯ ಕಣ್ಣಿಗೆ ಕಂಡ ಹಿರಿಯರ ಬಾಳು

ಅದ್ಭುತ ಕಲ್ಪನೆಯ ಕಥೆಗಳು ಕಾಲಹರಣಕ್ಕೆ ಮಾತ್ರವೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಅದು ಸಾಧುವಲ್ಲವೆಂಬುದಕ್ಕೆ ಅಮೆರಿಕದ ಕಪ್ಪುಜನಾಂಗದ ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ ಸಾಹಿತ್ಯಜೀವನವೇ ನಿದರ್ಶನ.

1947ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಾಯಿ ಪರರ ಮನೆಗೆಲಸ ಮಾಡಿ ಮಗಳನ್ನು ಸಾಕಿದರು. ಆಕೆ ಹಿಂಬಾಗಿಲಿನಿಂದ ಒಳಹೋಗಿ, ಬಿರುನುಡಿಗಳನ್ನು ನುಂಗಿಕೊಂಡು ದುಡಿಯುವುದನ್ನು ಕಂಡು ಬಾಲೆ ನಾಚಿದ್ದುಂಟು. ಆ ದುಡಿಮೆಯೇ ತನ್ನ ಅನ್ನವೆಂಬ ಅರಿವು ಮೂಡಿದ್ದು ಅನಂತರ.

ಅಕ್ಷರಗಳನ್ನು ಓದುವುದೇ ತೊಡಕಾಗಿದ್ದರೂ ಅವರು ಪುಸ್ತಕವನ್ನು ಬಿಡಲಿಲ್ಲ. ಪಾತ್ರೆ ತೊಳೆಯುವುದೇ ಮೊದಲಾದ ಕೆಲಸಗಳಿಂದ ಜೀವಿಸುತ್ತ, ನಡುರಾತ್ರಿ ಕಳೆದ ಮೇಲೆ ಎದ್ದು ಬರೆದರು. ಮೊದಲ ಕಾದಂಬರಿ 1976ರಲ್ಲಿ ಅಚ್ಚಾಯಿತು. 1979ರ ‘ಕಿಂಡ್ರೆಡ್’ನಲ್ಲಿ ಆಧುನಿಕ ಯುವತಿಯೊಬ್ಬಳು ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಸೆಳೆಯಲ್ಪಡುತ್ತಾಳೆ. ಅಲ್ಲಿ ಸ್ವತಃ ಚಾಟಿಯೇಟು ತಿಂದ ಮೇಲೆ, ಪೂರ್ವಿಕರು ತಲೆಬಾಗಿದ್ದು ಹೇಡಿತನದಿಂದಲ್ಲ, ಮಕ್ಕಳು ಬದುಕಲೆಂದು ಎಂಬ ಸತ್ಯ ಅವಳಿಗೆ ಹೊಳೆಯುತ್ತದೆ. ಕಾಲವನ್ನು ದಾಟುವ ಕಲ್ಪನೆಯಿಲ್ಲದೆ ಆ ಅನುಭವವನ್ನು ಇಷ್ಟು ಹತ್ತಿರದಿಂದ ತೋರಿಸುವುದು ದುಸ್ಸಾಧ್ಯ.

ಪುರಸ್ಕಾರಗಳು ತಡವಾಗಿ ಬಂದವು. 1984 ಮತ್ತು 1985ರಲ್ಲಿ ಸಣ್ಣ ಕೃತಿಗಳಿಗೆ ಹ್ಯೂಗೋ ಪ್ರಶಸ್ತಿ ಲಭಿಸಿತು. 1995ರಲ್ಲಿ ಮೆಕಾರ್ಥರ್ ಗೌರವಧನ ಪಡೆದ ಪ್ರಥಮ ವೈಜ್ಞಾನಿಕ ಕಥಾಲೇಖಕರೆನಿಸಿದರು. 2006ರಲ್ಲಿ ನಿಧನರಾದರು. 2021ರಲ್ಲಿ ಮಂಗಳಗ್ರಹದ ಮೇಲೆ ‘ಪರ್ಸಿವಿಯರೆನ್ಸ್’ ನೌಕೆ ಇಳಿದ ತಾಣಕ್ಕೆ ಅವರ ಹೆಸರನ್ನಿಡಲಾಯಿತು.

ಪ್ರವೇಶಪತ್ರದಲ್ಲಿ ತಂದೆಯ ಉದ್ಯೋಗವನ್ನು ಬರೆಯುವಾಗ ಲೇಖನಿ ತಡೆಯುವ ಬಾಲಕರನ್ನು ನಾನು ಕಂಡಿದ್ದೇನೆ. ಮನೆಗೆಲಸದ ತಾಯಿಯ ಮಗಳ ಹೆಸರು ಇಂದು ಮತ್ತೊಂದು ಗ್ರಹದ ನೆಲಕ್ಕಿದೆ. ವಿದ್ಯಾರ್ಥಿಗಳೇ, ಆ ಸ್ಥಳದಲ್ಲಿ ನಿಸ್ಸಂಕೋಚವಾಗಿ ಬರೆಯಿರಿ.