ನೆನಪಿನ ಕಲ್ಲು, ನೆನಪಿನ ಗುಡಿ



ಊರ ಮುಂದೆ, ಗುಡಿಯ ಬಾಜೂಕೆ ನಿಂತ ಕೆತ್ತನೆ ಕಲ್ಲುಗಳನ್ನು ನಾವು ನೋಡಿದ್ದೇವೆ. ಅವು ವೀರಗಲ್ಲುಗಳು. ಊರಿನ ಮೇಲೆ ದಾಳಿ ಬಂದಾಗ, ದನ ಹೊಡೆದುಕೊಂಡು ಹೋದಾಗ ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದವು. ಕೆಳಗೆ ಕಾಳಗದ ಚಿತ್ರ. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಸೂರ್ಯ ಚಂದ್ರ ಇರೋತನಕ ನೆನಪು ಇರಲಿ ಅಂತ ಅದರ ಅರ್ಥ.

ನಮ್ಮ ಕುಕನೂರು ಕೊಪ್ಪಳ ಜಿಲ್ಲೆಯಲ್ಲಿದೆ. ಕೊಪ್ಪಳದ ಕೋಟೆಯಲ್ಲೂ ಜನ ಸತ್ತರು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಬ್ರಿಟಿಷರ ವಿರುದ್ಧ ದಂಗೆ ಎದ್ದು ಆ ಕೋಟೆ ಹಿಡಿದರು. ಬ್ರಿಟಿಷರ ಫೌಜು ಕೋಟೆಗೆ ನುಗ್ಗಿತು. ಇಬ್ಬರೂ ಅಲ್ಲೇ ಮಡಿದರು. ಈ ಇಬ್ಬರ ಹೆಸರು ನಾವು ಹೇಳುತ್ತೇವೆ. ಅವರ ಜೊತೆ ಸತ್ತ ಸಾದಾ ಮಂದಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಮುಂದೆ ವಿಮಾನ ಬಂದವು, ಬಾಂಬು ಬಂದವು. ಮನೆಯಲ್ಲಿ ಮಲಗಿದ ತಾಯಿ ಮಕ್ಕಳೂ ಯುದ್ಧದಲ್ಲಿ ಸಾಯುವಂತಾಯಿತು. ಇಂಗ್ಲೆಂಡಿನಲ್ಲಿ ಕವೆಂಟ್ರಿ ಅಂತ ಒಂದು ಊರು. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಅದರ ಮೇಲೆ ಬಾಂಬು ಹಾಕಿದವು. 500ಕ್ಕೂ ಹೆಚ್ಚು ಜನ ಸತ್ತರು. ಊರಿನ ದೊಡ್ಡ ಚರ್ಚು ಸುಟ್ಟುಹೋಯಿತು. ಗೋಪುರ ಮತ್ತು ಬೋಳು ಗೋಡೆ ಉಳಿದವು.

ಆ ಜನ ಏನು ಮಾಡಿದರು? ಸುಟ್ಟ ತೊಲೆ ಎರಡನ್ನು ಜೋಡಿಸಿ ಶಿಲುಬೆ ಮಾಡಿದರು. ಸೇಡು ತೀರಿಸು ಅಂತ ಬರೆಯಲಿಲ್ಲ. ಕ್ಷಮಿಸು ಅಂತ ಗೋಡೆಯ ಮೇಲೆ ಕೆತ್ತಿಸಿದರು. ಬೋಳು ಗೋಡೆಗಳನ್ನು ಕೆಡವದೆ ನೆನಪಿಗೆ ಉಳಿಸಿದರು. ಬಾಜೂಕೆ ಹೊಸ ಚರ್ಚು ಕಟ್ಟಿ, 1962ರ ಮೇ 25ರಂದು ದೇವರಿಗೆ ಅರ್ಪಿಸಿದರು.

ಜರ್ಮನಿಯ ಜನರೂ ನೊಂದರು. 1945ರಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಡ್ರೆಸ್ಡೆನ್ ಊರನ್ನು ಸುಟ್ಟವು. ಅಲ್ಲಿನ ಚರ್ಚು ಕುಸಿದುಬಿತ್ತು. ಅದನ್ನು ಮತ್ತೆ ಕಟ್ಟಿ 2005ರಲ್ಲಿ ಅರ್ಪಿಸಿದರು. ಅದರ ತುದಿಯ ಶಿಲುಬೆ ಮಾಡಿದ ಅಕ್ಕಸಾಲಿಗ ಬ್ರಿಟನ್ನಿನವನು. ಅವನ ತಂದೆ ಡ್ರೆಸ್ಡೆನ್ ಮೇಲೆ ಬಾಂಬು ಹಾಕಲು ಹೋದವರಲ್ಲಿ ಒಬ್ಬ. ತಂದೆಯ ಕಾಲದಲ್ಲಿ ಬಿದ್ದದ್ದನ್ನು ಎಬ್ಬಿಸಲು ಮಗ ಕೈ ಹಚ್ಚಿದ.

ನಮ್ಮಲ್ಲಿ ಮಾಸ್ತಿಕಲ್ಲುಗಳೂ ಇವೆ. ಗಂಡನ ಚಿತೆ ಏರಿದ ಹೆಣ್ಣಿನ ಗುರುತು ಅವು. ಬಳೆ ತೊಟ್ಟ ಕೈ ಕಾಣುತ್ತದೆ. ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರೇ ಇಲ್ಲ. ಸತ್ತ ಹೆಣ್ಣುಮಕ್ಕಳ ಹೆಸರು ಯಾರು ಬರೆಯಬೇಕು? ನಾವೇ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದೆ.

ಓದಿರಿ, ಹೇಳಿರಿ, ಬರೆಯಿರಿ

1. ವೀರಗಲ್ಲಿನ ಮೇಲೆ ಸೂರ್ಯ ಚಂದ್ರ ಯಾಕೆ ಇರುತ್ತಾರೆ?
2. ಕವೆಂಟ್ರಿಯ ಜನ ಬೋಳು ಗೋಡೆ ಯಾಕೆ ಉಳಿಸಿದರು?
3. ನಿಮ್ಮ ಅಜ್ಜಿಯ, ಮುತ್ತಜ್ಜಿಯ ಹೆಸರು ಕೇಳಿ ತಿಳಿದು ಬರೆಯಿರಿ.