ಒಂದೇ ಪಂಕ್ತಿ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಕೊಣನೂರು ಕಾವೇರಿಯ ದಡದಲ್ಲಿರುವ ಊರು. ಅದರ ಸಮೀಪದ ಕಟ್ಟೇಪುರದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಕಟ್ಟೆಯೊಂದುಂಟು. ಅಲ್ಲಿಂದ ಹೊರಟ ಕಾಲುವೆಯ ನೀರು ಗದ್ದೆಯ ಒಡೆಯನ ಕುಲವನ್ನಾಗಲಿ ಮತವನ್ನಾಗಲಿ ವಿಚಾರಿಸದು. ಆದರೆ ಆ ನೀರಿನಲ್ಲಿ ಬೆಳೆದ ಅಕ್ಕಿ ಅನ್ನವಾಗಿ ಎಲೆಗೆ ಬರುವ ವೇಳೆಗೆ, ಬೇಯಿಸಿದವರು ಯಾರು, ಪಕ್ಕದಲ್ಲಿ ಕುಳಿತವರು ಯಾರು ಎಂಬ ಪ್ರಶ್ನೆಗಳು ನಮ್ಮ ಸಮಾಜದಲ್ಲಿ ಬಹುಕಾಲದಿಂದ ಏಳುತ್ತ ಬಂದಿವೆ.

ಈ ಪ್ರಶ್ನೆಗಳು ಎಷ್ಟು ಕ್ರೂರವಾಗಬಲ್ಲವೆಂಬುದು 1876–78ರ ಮಹಾಕ್ಷಾಮದಲ್ಲಿ ಕಂಡುಬಂದಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸರ್ಕಾರವು ಗಂಜಿ ಕೇಂದ್ರಗಳನ್ನು ತೆರೆಯಿತು. ಕ್ರೈಸ್ತ ಮಿಷನರಿಗಳು ಅನಾಥ ಮಕ್ಕಳಿಗೆ ಆಶ್ರಯವಿತ್ತರು. ಆದರೂ ಅನ್ಯರ ಕೈಯಡುಗೆಯನ್ನು ಉಣ್ಣಲೊಲ್ಲದೆ ಹಿಂಜರಿದವರು ಇದ್ದರು. ಹಸಿವನ್ನು ಗೆಲ್ಲಲು ಧಾನ್ಯವೊಂದೇ ಸಾಲದು, ಕೂಡಿ ಉಣ್ಣುವ ಮನಸ್ಸೂ ಬೇಕು.

ಅಂಥ ಮನಸ್ಸು ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಬದುಕಿನ ವ್ರತವೆಂದು ಸಾರಿದರು. ಬೀದರಿನ ಗುರುನಾನಕ್ ಝೀರಾದಲ್ಲಿ ಸಿಖ್ಖರ ಲಂಗರು ಬಂದವರೆಲ್ಲರಿಗೂ ಊಟ ನೀಡುತ್ತದೆ. ದಕ್ಷಿಣ ಕನ್ನಡದ ಧರ್ಮಸ್ಥಳದ ಏರ್ಪಾಡಂತೂ ವಿಶಿಷ್ಟವಾದುದು. ಅಲ್ಲಿಯ ದೇವರು ಶಿವನಾದ ಮಂಜುನಾಥ. ಪೂಜೆ ಸಲ್ಲಿಸುವವರು ವೈಷ್ಣವ ಅರ್ಚಕರು. ಆಡಳಿತವನ್ನು ಹೊತ್ತವರು ಜೈನಧರ್ಮದ ಹೆಗ್ಗಡೆ ಮನೆತನದವರು. ಯಾರೊಬ್ಬರೂ ತಮ್ಮ ನಂಬಿಕೆಯನ್ನು ತೊರೆದಿಲ್ಲ. ಆದರೆ ಕ್ಷೇತ್ರದ ಅನ್ನದಾನ ಎಲ್ಲ ಮತದವರಿಗೂ ತೆರೆದಿದೆ. ಸಹಕಾರಕ್ಕೆ ಎಲ್ಲರೂ ಒಂದೇ ಮತದವರಾಗಬೇಕಿಲ್ಲ, ಒಂದೇ ಕೆಲಸಕ್ಕೆ ಕೈ ಕೂಡಿಸಿದರೆ ಸಾಕು ಎಂಬುದಕ್ಕೆ ಇದು ನಿದರ್ಶನ.

ತುಮಕೂರಿನ ಸಿದ್ಧಗಂಗಾ ಮಠವು ಈ ಆದರ್ಶವನ್ನು ಮಕ್ಕಳ ಬಾಳಿಗೆ ತಂದಿತು. ಶ್ರೀ ಶಿವಕುಮಾರ ಸ್ವಾಮಿಗಳು ಆರಂಭದ ಬಡತನದ ದಿನಗಳಲ್ಲಿ ಹಳ್ಳಿಹಳ್ಳಿಗೆ ಹೋಗಿ ಧಾನ್ಯವನ್ನು ಬೇಡಿ ತಂದರು. ರೈತರು ತಮ್ಮ ಕಣದಿಂದ ರಾಗಿ, ಅಕ್ಕಿ, ಕಾಳುಗಳನ್ನು ನೀಡಿದರು. ಮಠ ಬೆಳೆದಂತೆ ಸಾವಿರಾರು ವಿದ್ಯಾರ್ಥಿಗಳು ಅಲ್ಲಿ ಅನ್ನ, ಆಶ್ರಯ, ಅಕ್ಷರಗಳನ್ನು ಉಚಿತವಾಗಿ ಪಡೆಯತೊಡಗಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಒಟ್ಟಿಗೆ ಉಂಡು ಬೆಳೆದವರು ಮುಂದೆ ಪರಸ್ಪರರನ್ನು ಅನ್ಯರೆಂದು ಭಾವಿಸುವುದು ಸುಲಭವಲ್ಲ.

2019ರ ಜನವರಿ 21ರಂದು ಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಆಗ ಮಧ್ಯಾಹ್ನದ ಊಟದ ಹೊತ್ತು ಸಮೀಪಿಸಿತ್ತು. ಮಕ್ಕಳು ಹಸಿದಿರಬಾರದು, ಅವರ ಊಟ ಮುಗಿದ ಬಳಿಕವೇ ತಮ್ಮ ಮರಣವಾರ್ತೆಯನ್ನು ತಿಳಿಸಬೇಕು ಎಂಬುದು ಅವರ ಇಚ್ಛೆಯಾಗಿತ್ತು. ಅದರಂತೆಯೇ ನಡೆಯಿತು. ಮಕ್ಕಳು ಉಂಡು ಎದ್ದರು. ಆಮೇಲೆ ನಾಡು ಶೋಕದಲ್ಲಿ ಮುಳುಗಿತು.